ನಾಲ್ಕಕ್ಕೂ ಐದಕ್ಕೂ ನಡುವೆ ಸಿಕ್ಕ ಲೈಸೆನ್ಸು

ನಮ್ಮೆಜಮಾನ್ರು ಹತ್ತೊಂಬತ್ತು ವರ್ಷದಿಂದ ಲಿಫ್ಟ್ ರಿಪೇರಿ ಮಾಡ್ತಿದ್ದಾರೆ. ಏಳು ಮಹಡಿಯ ಕಟ್ಟಡ, ಎರಡು ಲಿಫ್ಟು, ಕೆಳಗೆ ಮೀಟರ್ ರೂಮಿನ ಹಿಂದೆ ನಮಗೆ ಎರಡು ಕೋಣೆ. ಕೋಣೆ ಕೆಲಸದ ಜೊತೆ ಬಂದದ್ದು, ಕೆಲಸ ಹೋದ್ರೆ ಅದರ ಜೊತೆಗೇ ಹೋಗುತ್ತೆ. ಆ ಎರಡು ಕೋಣೆಯಲ್ಲಿ ಇವರು, ನಾನು, ನಮ್ಮತ್ತೆ, ನನ್ನ ಹೊಲಿಗೆ ಮಿಷಿನ್ನು, ಇವರ ಸ್ಪಾನರ್ ಪೆಟ್ಟಿಗೆ, ಮತ್ತೆ ಯಾವುದೋ ಕಾಲದ ಲಿಫ್ಟಿನ ಬಾಗಿಲೊಂದು. ಆ ಬಾಗಿಲು ಯಾಕೆ ಅಂತ ಕೇಳಿದ್ರೆ "ಬೇಕಾಗುತ್ತೆ" ಅಂತಾರೆ. ಹದಿನಾಲ್ಕು ವರ್ಷ ಆಯ್ತು, ಇನ್ನೂ ಬೇಕಾಗಿಲ್ಲ. ನಾನು ಅದರ ಮೇಲೆ ಬಟ್ಟೆ ಒಣಹಾಕ್ತೀನಿ.

ಕೆಲಸ ಇವರದು, ಸಹಿ ಬೇರೆಯವರದು. ಪ್ರತಿ ಲಿಫ್ಟಿಗೂ ಒಂದು ರಿಜಿಸ್ಟರ್ ಇರುತ್ತೆ. ತಿಂಗಳಿಗೊಂದ್ಸಲ ಅದರಲ್ಲಿ "ಪರೀಕ್ಷಿಸಲಾಗಿದೆ, ಸುರಕ್ಷಿತವಾಗಿದೆ" ಅಂತ ಬರೆದು ಲೈಸೆನ್ಸ್ ಇರೋರು ಸಹಿ ಹಾಕಬೇಕು. ಇವರು ಮೊಣಕೈವರೆಗೆ ಗ್ರೀಸ್ ಮಾಡಿಕೊಂಡು ಕೇಬಲ್ಲು, ಬ್ರೇಕು ಎಲ್ಲ ನೋಡಿ ಇಟ್ಟಿರೋರು. ಸಹಿ ಹಾಕೋಕೆ ಒಬ್ಬ ಹಳೇ ಕಂಟ್ರಾಕ್ಟರು ಸ್ಕೂಟರಿನಲ್ಲಿ ಬರೋರು. ಸ್ಕೂಟರಿಂದ ಇಳೀತಿರಲಿಲ್ಲ, ಇಂಜಿನ್ನೂ ಆರಿಸ್ತಿರಲಿಲ್ಲ. ಇವರು ರಿಜಿಸ್ಟರನ್ನ ಎರಡೂ ಕೈಯಲ್ಲಿ ಮೇಜಿನ ಹಾಗೆ ಹಿಡಿದು ನಿಲ್ಲೋರು, ಅವರು ಒಂದು ಗೆರೆ ಎಳೆದು ಹೋಗೋರು.

ನಾನೊಂದ್ಸಲ ಕೇಳಿದೆ, "ರೀ, ಆ ಮಹಾನುಭಾವರು ಲಿಫ್ಟಿನ ಮುಖ ಯಾವಾಗ ನೋಡೋದು?"

"ಅವರಿಗೆ ಲೈಸೆನ್ಸ್ ಇದೆ ಕಣೇ. ನೋಡಬೇಕಾಗಿಲ್ಲ."

ಇದು ಇವರ ನ್ಯಾಯ. ನಿಯಮ ಅಂದ್ರೆ ಇವರಿಗೆ ಅಷ್ಟು ಭಕ್ತಿ. ರಸ್ತೆಯಲ್ಲಿ ಒಂದು ನಾಯಿಯೂ ಇಲ್ಲದಾಗ, ಕೆಂಪು ದೀಪ ಬಿದ್ದರೆ, ನಡ್ಕೊಂಡು ಹೋಗೋ ಇವರು ಗಕ್ಕನೆ ನಿಲ್ತಾರೆ. ಇಂಥವರ ಜೊತೆ ಪೇಟೆಗೆ ಹೋಗೋದು ಅಂದ್ರೆ ಏನು ಅಂತ ಹೋದವರಿಗೇ ಗೊತ್ತು.

ಆ ಕಂಟ್ರಾಕ್ಟರು ಕಣ್ಣು ಮಂಜಾಗಿ ಕೆಲಸ ಬಿಟ್ಟರು. ಸಹಿ ಹಾಕೋಕೆ ಜನ ಇಲ್ಲ. ಕಟ್ಟಡದ ನಿವಾಸಿಗಳ ಸಂಘದ ಸೆಕ್ರೆಟರಿ, ಅಂದ್ರೆ ಐದನೇ ಮಹಡಿಯ ರಿಟೈರ್ಡ್ ಬ್ಯಾಂಕ್ ಮ್ಯಾನೇಜರು, ಇವರನ್ನ ಕರೆದು, "ನೀನೇ ಯಾಕೆ ಪರೀಕ್ಷೆ ಕಟ್ಟಬಾರದಯ್ಯಾ?" ಅಂದ್ರು. ಇವರು ಕಟ್ಟಿದ್ರು. ನಲವತ್ತಾರನೇ ವಯಸ್ಸಿನಲ್ಲಿ ಪುಸ್ತಕ ಹಿಡಿದು, ನನ್ನ ಹೊಲಿಗೆ ಮಿಷಿನ್ನಿನ ಪೆಡಲನ್ನೇ ಬ್ರೇಕು ಅಂತ ತಿಳ್ಕೊಂಡು ಪಾಠ ಒಪ್ಪಿಸಿ, ಹದಿನೆಂಟು ಜನರಲ್ಲಿ ಮೊದಲನೆಯವರಾಗಿ ಪಾಸಾದ್ರು. ನನಗಂತೂ ಎದೆ ತುಂಬಿ ಬಂತು. ಅದನ್ನ ತೋರಿಸಿಕೊಳ್ಳದೆ "ಸರಿ, ಕೈ ತೊಳ್ಕೊಂಡು ಊಟಕ್ಕೆ ಬನ್ನಿ" ಅಂದೆ.

ಅಲ್ಲಿಗೆ ಸುಮ್ಮನಿದ್ದಿದ್ರೆ ಚೆನ್ನಾಗಿತ್ತು. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಅಂತಾರಲ್ಲ, ಹಾಗೆ ಮಾರನೇ ದಿನವೇ ಹೋಗಿ ಒಂದು ರಬ್ಬರ್ ಸ್ಟಾಂಪ್ ಮಾಡಿಸಿಕೊಂಡು ಬಂದ್ರು. "ಲೈಸೆನ್ಸ್ ಪಡೆದ ಲಿಫ್ಟ್ ತಂತ್ರಜ್ಞ", ಕೆಳಗೆ ನಂಬರಿಗೆ ಜಾಗ ಖಾಲಿ. ಲೈಸೆನ್ಸ್ ಬರೋತನಕ ಹೊರಗೆ ಬಳಸಬಾರದು ಅಂತ ನಿಯಮ. ಅದಕ್ಕೆ ಮನೆಯೊಳಗೆ ಬಳಸಿದ್ರು. ಹಳೇ ಪೇಪರು, ಸಾಮಾನು ಚೀಟಿ, ನಮ್ಮತ್ತೆಯ ಮಾತ್ರೆ ಡಬ್ಬಿ, ಎಲ್ಲದರ ಮೇಲೂ ಠಸ್ಸೆ. ಅತ್ತೆ ಆ ಡಬ್ಬಿ ಹಿಡ್ಕೊಂಡು ಏಳೂ ಮಹಡಿ ಸುತ್ತಿ, "ನನ್ನ ಮಗನಿಗೆ ಸರ್ಕಾರದ ಮೊಹರು ಬಂತು" ಅಂತ ಸಾರಿ ಬಂದ್ರು.

ಸೆಕ್ರೆಟರಿ ಲಿಫ್ಟಿನ ಹತ್ತಿರ ಸಿಕ್ಕಿ ಕೇಳಿದ್ರು, "ಏನಯ್ಯಾ, ಲೈಸೆನ್ಸ್ ಬಂತಂತೆ?"

ಇವರು, ಇನ್ನೊಂದು ವಾರದಲ್ಲಿ ಬರುತ್ತಲ್ಲ ಅನ್ನೋ ಧೈರ್ಯದಲ್ಲಿ, "ಬಂದ ಹಾಗೇ ಸಾರ್" ಅಂದ್ರು.

ಸೆಕ್ರೆಟರಿ ಮೇಲೆ ಹೋಗಿ ಸಂಘದ ಪುಸ್ತಕದಲ್ಲಿ "ಬಂದಿದೆ" ಅಂತ ಬರೆದ್ರು. ಆ ಭಾನುವಾರ ಸಭೆಯಲ್ಲಿ ಚಪ್ಪಾಳೆಯೂ ಆಯ್ತು. ಚಪ್ಪಾಳೆ ಹೊಡೆದ ಮೇಲೆ "ಇಲ್ಲ, ಇನ್ನೂ ಬಂದಿಲ್ಲ" ಅನ್ನೋದು ಹೇಗೆ? ಇವರು ಎದ್ದು ನಿಂತು ಕೈ ಮುಗಿದು ಕೂತ್ಕೊಂಡ್ರು. ಆ ಒಂದು ವಾರ ಮುಗಿಯೋಕೆ ಎರಡು ವರ್ಷ ನಾಲ್ಕು ತಿಂಗಳು ಹಿಡೀತು. ಅಷ್ಟು ದಿನವೂ ಇವರು ತಿಂಗಳಿಗೊಂದ್ಸಲ ಲಿಫ್ಟು ಪರೀಕ್ಷಿಸಿ ರಿಜಿಸ್ಟರಿನಲ್ಲಿ ಸಹಿಯ ಜಾಗ ಖಾಲಿ ಬಿಡೋರು, ಅದನ್ನ ತೆರೆದು ನೋಡೋರು ಯಾರೂ ಇರಲಿಲ್ಲ.

ಲೈಸೆನ್ಸ್ ಕೊಡೋ ಕಚೇರಿ ಒಂದು ಹಳೇ ಕಟ್ಟಡದ ಆರನೇ ಮಹಡಿಯಲ್ಲಿದೆ. ಅಲ್ಲಿನ ಲಿಫ್ಟು ಕಬ್ಬಿಣದ ಮಡಚೋ ಗೇಟಿನ ಕಾಲದ್ದು. ಅದನ್ನ ಕಂಡ್ರೆ ಇವರಿಗೆ ಹಳೇ ನೆಂಟರನ್ನ ಕಂಡ ಹಾಗೆ. ಗೇಟು ಸವರಿ, "ಒಳ್ಳೇ ಮಾಲು, ಆದ್ರೆ ನೋಡ್ಕೊಳ್ಳೋರಿಲ್ಲ" ಅಂತ ಪ್ರತಿಸಲ ನಿಟ್ಟುಸಿರು ಬಿಡೋರು. ಕಚೇರಿಯ ಹೆಡ್ ಗುಮಾಸ್ತರು ಮೊದಲನೇ ಸಲ ಹೇಳಿದ್ದು, "ಫಾರಂ ಬದಲಾಗಿದೆ, ಹೊಸದು ತುಂಬಿ." ತುಂಬಿದ್ವಿ. ಮೂರು ತಿಂಗಳು ಬಿಟ್ಟು, "ಹಳೇದೇ ಸರಿ ಅಂತ ಆದೇಶ ಬಂದಿದೆ." ಅದನ್ನೂ ತುಂಬಿದ್ವಿ. ಆಮೇಲೆ ಫೋಟೋದ ಸರದಿ.

ಗುಮಾಸ್ತರು ಫೋಟೋ ನೋಡಿದ್ರು, ಇವರನ್ನ ನೋಡಿದ್ರು, ಮತ್ತೆ ಫೋಟೋ ನೋಡಿದ್ರು. "ಇದರಲ್ಲಿ ಕೂದಲಿದೆಯಲ್ಲ?"

"ಅರ್ಜಿ ಹಾಕಿದಾಗ ಇತ್ತು ಸಾರ್."

"ಈಗಿಲ್ಲವಲ್ಲ?"

"ಕಾಯ್ತಾ ಕಾಯ್ತಾ ಹೋಯ್ತು ಸಾರ್."

"ಹಾಗಾದ್ರೆ ನೋಟರಿ ಹತ್ರ ಅಫಿಡವಿಟ್ ಮಾಡಿಸಿಕೊಂಡು ಬನ್ನಿ, ಇಬ್ಬರೂ ಒಬ್ಬರೇ ಅಂತ."

ಮಾಡಿಸಿದ್ವಿ. "ಕೂದಲುಳ್ಳ ಅರ್ಜಿದಾರನೂ ಕೂದಲಿಲ್ಲದ ಅರ್ಜಿದಾರನೂ ಒಬ್ಬನೇ ವ್ಯಕ್ತಿಯೆಂದು ಪ್ರಮಾಣಪೂರ್ವಕವಾಗಿ ತಿಳಿಸುತ್ತೇನೆ." ಸಾಕ್ಷಿ ಸಹಿ ನನ್ನದು. ಮದುವೆಯಲ್ಲೂ ನನ್ನನ್ನ ಇಷ್ಟು ಗಟ್ಟಿಯಾಗಿ ಯಾರೂ ಕೇಳಿರಲಿಲ್ಲ, ಇವರು ಇವರೇನಾ ಅಂತ.

ಅಲ್ಲಿಂದ ಮುಂದೆ ಒಂದೇ ಉತ್ತರ: "ಸಾಹೇಬರ ಸಹಿಗೆ ಹೋಗಿದೆ." ಗುಮಾಸ್ತರ ಮೇಜಿನಿಂದ ಸಾಹೇಬರ ಬಾಗಿಲಿಗೆ ಎಂಟು ಹೆಜ್ಜೆ, ನಾನೇ ಎಣಿಸಿದೀನಿ. ಆ ಎಂಟು ಹೆಜ್ಜೆ ನಡೆಯೋಕೆ ಫೈಲು ಹನ್ನೊಂದು ತಿಂಗಳು ತಗೊಂಡಿತು. ಒಂದ್ಸಲ ನಾನು ಧೈರ್ಯ ಮಾಡಿ ಸಾಹೇಬರನ್ನೇ ಅಡ್ಡಹಾಕಿ, "ಸಾರ್, ಒಂದು ಮಾತು ಹೇಳಿಬಿಡಿ, ಆಗುತ್ತೋ ಇಲ್ವೋ" ಅಂದೆ. "ಇಲ್ಲಿ ಬಾಯಿಮಾತು ನಡೆಯಲ್ಲಮ್ಮ, ಎಲ್ಲ ಲಿಖಿತವಾಗಿರಬೇಕು" ಅಂದು ಹೋದ್ರು. ಬರೆದುಕೊಡಿ ಅಂದ್ರೆ ಅದಕ್ಕೂ ಒಂದು ಅರ್ಜಿಯಂತೆ.

ಇತ್ತ ಕಟ್ಟಡದಲ್ಲಿ ಇನ್ಶೂರೆನ್ಸಿನವರು ತಪಾಸಣೆಗೆ ಬಂದು, "ನಿಮ್ಮ ಮೆಕ್ಯಾನಿಕ್ಕಿನ ಲೈಸೆನ್ಸ್ ನಂಬರ್ ಏನು?" ಅಂತ ಕೇಳಿದ್ರು. ಸೆಕ್ರೆಟರಿ ಜಂಬದಿಂದ ಸಂಘದ ಪುಸ್ತಕ ತೆರೆದು ತೋರಿಸಿದ್ರು. ಪುಸ್ತಕದಲ್ಲಿ "ಬಂದಿದೆ" ಅಂತಿದೆ, ಲೈಸೆನ್ಸು ಬಂದಿಲ್ಲ. ಸೆಕ್ರೆಟರಿಯ ಮುಖ ಸುಟ್ಟ ಬದನೆಕಾಯಿ.

"ಎರಡು ವರ್ಷ ನಾಲ್ಕು ತಿಂಗಳು ನನ್ನ ಕೈಲಿ ಸುಳ್ಳು ಬರೆಸಿದ್ದೀಯಲ್ಲಯ್ಯಾ!"

"ಬಂದ ಹಾಗೇ ಅಂದಿದ್ದೆ ಸಾರ್, ಬಂದಿದೆ ಅಂದಿರಲಿಲ್ಲ."

"ಈ ತಿಂಗಳ ಕೊನೇ ದಿನ, ಸಾಯಂಕಾಲ ಐದು ಗಂಟೆ. ಲೈಸೆನ್ಸ್ ನನ್ನ ಕೈಯಲ್ಲಿರಬೇಕು. ಇಲ್ಲದಿದ್ರೆ ಮಾರನೇ ದಿನದಿಂದ ಲಿಫ್ಟನ್ನ ಒಂದು ಕಂಪನಿ ನೋಡ್ಕೊಳ್ಳುತ್ತೆ. ಕೋಣೆ ಖಾಲಿ ಮಾಡಬೇಕು."

ನಮ್ಮತ್ತೆ ಅವತ್ತೇ ಗಂಟು ಕಟ್ಟೋಕೆ ಶುರು ಮಾಡಿದ್ರು. "ಯಾಕತ್ತೆ ಈಗಲೇ?" ಅಂದ್ರೆ, "ಕೊನೇ ಗಳಿಗೇಲಿ ಅವಸರ ಆಗಬಾರದಮ್ಮ" ಅಂದ್ರು. ಎಪ್ಪತ್ತೆರಡು ವರ್ಷದ ಜೀವ. ಮಾತ್ರೆ ಡಬ್ಬಿ, ಎರಡು ಸೀರೆ, ಕನ್ನಡಕ ಎಲ್ಲ ಒಂದು ಚೀಲಕ್ಕೆ ಹಾಕಿ ಬಾಗಿಲ ಹತ್ರ ಇಟ್ಕೊಂಡು ಕೂತಿರೋರು. ಇವರು ಮಾತ್ರ, "ಬಂದೇ ಬರುತ್ತೆ ಕಣೇ, ನಿಯಮ ಅಂದ್ಮೇಲೆ ನಿಯಮ" ಅಂತಿದ್ರು.

ಕೊನೇ ದಿನ ಬಂತು. ಇವರು ಎಂದಿನಂತೆ ಸ್ಪಾನರ್ ಪೆಟ್ಟಿಗೆ ಹಿಡ್ಕೊಂಡೇ ಹೊರಟ್ರು. ನಾನೂ ಜೊತೆಗೆ ಹೋದೆ. ಇವರೊಬ್ಬರೇ ಹೋದ್ರೆ ಕೈ ಮುಗಿದು ವಾಪಸ್ ಬರ್ತಾರೆ ಅಂತ ಗೊತ್ತಿತ್ತು.

ಹನ್ನೆರಡು ಮುಕ್ಕಾಲಿಗೆ ಸಾಹೇಬರು ರೂಮಿನಿಂದ ಹೊರಗೆ ಬಂದ್ರು, ಕೈಯಲ್ಲಿ ಚಕ್ರದ ಸೂಟ್‌ಕೇಸು. ಹೆಡ್ ಗುಮಾಸ್ತರು ಹಿಂದೆ ಹಿಂದೆ. ಎರಡೂಕಾಲಿಗೆ ರೈಲು, ಹೆಂಡತಿ ಮಕ್ಕಳು ಆಗಲೇ ಸ್ಟೇಷನ್ನಿನಲ್ಲಿ, ಹನ್ನೆರಡು ದಿನ ರಜ. ಇವರು ಎದ್ದು, "ಸಾರ್, ನನ್ನ ಲೈಸೆನ್ಸು..." ಅಂದ್ರು.

"ಹನ್ನೆರಡು ದಿನ ಬಿಟ್ಟು ಬನ್ನಿ," ಅಂದು ಸಾಹೇಬರು ಲಿಫ್ಟ್ ಕಡೆ ಹೋದ್ರು.

ಇವರು ಅಂದಿದ್ದು ಕೇಳಿ: "ಆಗಲಿ ಸಾರ್. ಪ್ರಯಾಣ ಸುಖವಾಗಲಿ."

ನನಗೆ ಅಲ್ಲಿ ನಿಲ್ಲೋಕಾಗಲಿಲ್ಲ. ಮೆಟ್ಟಿಲು ಇಳಿದು ಹೊರಟುಬಿಟ್ಟೆ. ಸಾಹೇಬರು ಸೂಟ್‌ಕೇಸು ಒಳಗೆಳೆದು, ಹೊರಗಿನ ಗೇಟು, ಒಳಗಿನ ಗೇಟು ಎರಡೂ ಹಾಕಿಕೊಂಡು ಗುಂಡಿ ಒತ್ತಿದ್ರು. ಲಿಫ್ಟು ಗೊಣಗ್ತಾ ಇಳೀತು. ಆರು ದಾಟ್ತು, ಐದು ದಾಟ್ತಾ ಇತ್ತು, ಕಟಕ್ ಅಂತ ನಿಂತೇಬಿಡ್ತು.

ಎಲ್ಲಿ ನಿಂತಿತು ಅಂತ ಸರಿಯಾಗಿ ಹೇಳಬೇಕು, ಆಮೇಲೆ ಅದು ಸರ್ಕಾರಿ ದಾಖಲೆಗೂ ಸೇರಿತು. ನಾಲ್ಕಕ್ಕೂ ಐದಕ್ಕೂ ಮಧ್ಯೆ. ಐದನೇ ಮಹಡಿಯಲ್ಲಿ ನಿಂತು ನೋಡಿದ್ರೆ ಗೇಟಿನ ಸರಳಿನ ಹಿಂದೆ, ನೆಲಕ್ಕೆ ಸರಿಯಾಗಿ, ಸಾಹೇಬರ ತಲೆ. ನಾಲ್ಕನೇ ಮಹಡಿಯಲ್ಲಿ ನಿಂತು ನೋಡಿದ್ರೆ ನಮ್ಮ ಕುತ್ತಿಗೆ ಮಟ್ಟದಲ್ಲಿ ಸಾಹೇಬರ ಬೂಟು. ನಾನು ಬೂಟಿನ ಮಹಡಿಯಲ್ಲಿದ್ದೆ. ಮಾತೆಲ್ಲ ಕೇಳಿಸ್ತಿತ್ತು. ಮುಖ ನೋಡೋ ಭಾಗ್ಯ ಇರಲಿಲ್ಲ, ಆದ್ರೆ ಮನುಷ್ಯನ ಮನಸ್ಸಿನಲ್ಲಿ ಏನಿದೆ ಅಂತ ಬೂಟು ನೋಡಿದ್ರೂ ತಿಳಿಯುತ್ತೆ.

"ಯಾರ್ರೀ ಅಲ್ಲಿ! ಹೆಡ್ ಗುಮಾಸ್ತರೇ!"

ಕಟ್ಟಡವೇ ಓಡಿಬಂತು. ಎರಡನೇ ಮಹಡಿ ಪಿಂಚಣಿ ಕಚೇರಿಯವರು, ಅವರ ಹತ್ರ ಬಂದಿದ್ದ ಮುದುಕರು, ನಾಲ್ಕನೇ ಮಹಡಿಯ ನೀರಿನ ಕಚೇರಿಯವರು, ಎಲ್ಲ ಮೆಟ್ಟಿಲ ಮೇಲೆ ಸಾಲಾಗಿ ಕೂತರು. ಗುಮಾಸ್ತರು ಲಿಫ್ಟ್ ಕಂಪನಿಗೆ ಫೋನ್ ಮಾಡಿದ್ರು. ನಾಲ್ಕು ಗಂಟೆಗೆ ಜನ ಬರ್ತಾರಂತೆ. ಬೂಟು ಒಂದ್ಸಲ ನೆಲಕ್ಕೆ ಧಪ್ ಅಂತ ಬಡೀತು.

"ಎರಡೂಕಾಲಿಗೆ ರೈಲು ರೀ!"

ಆಗ ಗುಮಾಸ್ತರಿಗೆ ಹೊಳೀತು. "ಸಾರ್! ಇಲ್ಲೇ ಒಬ್ಬ ಲಿಫ್ಟ್ ಮೆಕ್ಯಾನಿಕ್ ಇದ್ದಾರೆ ಸಾರ್!"

"ದೇವರ ಹಾಗೆ ಬಂದ! ಕರೀರಿ!"

"ಆದ್ರೆ ಲೈಸೆನ್ಸ್ ಇಲ್ಲ ಸಾರ್."

"ಯಾಕಿಲ್ಲ?"

"ತಾವು ಸಹಿ ಹಾಕಿಲ್ಲ ಸಾರ್."

ಬಲಗಾಲಿನ ಬೂಟು ಎಡಗಾಲಿನ ಬೂಟಿನ ಮೇಲೆ ಹತ್ತಿ ಕೂತಿತು.

"ಪರವಾಗಿಲ್ಲ, ಮಾಡ್ಲಿ," ಅಂದ್ರು ಸಾಹೇಬರು.

ಇವರು ಐದನೇ ಮಹಡಿಯಲ್ಲಿ ಕುಕ್ಕರಗಾಲಲ್ಲಿ ಕೂತು, ಬಹಳ ವಿನಯದಿಂದ, "ಆಗಲ್ಲ ಸಾರ್, ಬೋರ್ಡಿದೆ" ಅಂದ್ರು.

"ಯಾವ ಬೋರ್ಡು?"

"ಮೇಲೆ ಮೆಷಿನ್ ರೂಮಿನ ಬಾಗಿಲ ಮೇಲೆ. ಲೈಸೆನ್ಸ್ ಇಲ್ಲದವರು ಈ ಸರ್ಕಾರಿ ಲಿಫ್ಟಿಗೆ ಕೈ ಹಚ್ಚಿದ್ರೆ ಮೂರು ತಿಂಗಳು ಸಜೆ ಅಂತಿದೆ. ಕೆಳಗೆ ತಮ್ಮ ಸಹಿ ಇದೆ ಸಾರ್."

"ನಾನೇ ಹೇಳ್ತಾ ಇದೀನಲ್ಲಯ್ಯಾ, ಮಾಡು ಅಂತ!"

"ಇಲ್ಲಿ ಬಾಯಿಮಾತು ನಡೆಯಲ್ಲ, ಎಲ್ಲ ಲಿಖಿತವಾಗಿರಬೇಕು ಅಂತ ತಾವೇ ಹೇಳಿದ್ರಿ ಸಾರ್. ನಮ್ಮ ಮನೆಯವಳ ಎದುರಿಗೇ."

ಮೆಟ್ಟಿಲ ಮೇಲಿದ್ದವರು ಹೋ ಅಂದ್ರು. ಎಲ್ಲರೂ ತಿಳ್ಕೊಂಡಿದ್ದು ಈ ಬೋಳುತಲೆ ಮನುಷ್ಯ ಹಲ್ಲು ಕಚ್ಚಿ ಸೇಡು ತೀರಿಸ್ಕೊಳ್ತಿದ್ದಾನೆ ಅಂತ. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದೀನಿ, ನನಗೆ ಗೊತ್ತು: ಇವರು ಮನಸಾರೆ ಹೇಳ್ತಿದ್ರು. ಬೋರ್ಡಿದೆ, ಆಗಲ್ಲ, ಅಷ್ಟೇ. ಸೇಡು ಗೀಡು ಇವರ ತಲೆಗೆ ಹೊಳೆಯೋದಾಗಿದ್ರೆ ನಾವು ಈ ಗತಿಗೆ ಯಾಕೆ ಬರ್ತಿದ್ವಿ?

ಸಾಹೇಬರು ಸೋತರು. "ಫೈಲ್ ತನ್ನಿ!"

ಫೈಲು ಸಾಹೇಬರ ಬೀರುವಿನಲ್ಲಿ. ಬೀರುವಿನ ಬೀಗದಕೈ ಸಾಹೇಬರ ಪ್ಯಾಂಟ್ ಜೇಬಿನಲ್ಲಿ. ಬೀಗದಕೈ ಸರಳಿನ ಸಂದಿಯಿಂದ ಹೊರಗೆ ಬಂತು, ಗುಮಾಸ್ತರು ಮೇಲಕ್ಕೆ ಓಡಿದ್ರು. ಹನ್ನೊಂದು ತಿಂಗಳಲ್ಲಿ ಎಂಟು ಹೆಜ್ಜೆ ನಡೆದ ಫೈಲು ಮೂರು ನಿಮಿಷದಲ್ಲಿ ಒಂದು ಮಹಡಿ ಇಳಿದು ಬಂತು.

ಇನ್ನು ಸಹಿ ಹಾಕಿಬಿಡ್ತಾರೆ ಅಂದ್ಕೊಂಡ್ರಾ? ಸಾಹೇಬರೂ ನಮ್ಮವರ ಜಾತಿಯೇ ಆಗಬೇಕೇ, ನಿಯಮದ ಜಾತಿ. ಫೈಲು ಕೈಗೆ ಬಂದ ಕೂಡಲೇ ರೈಲು ಮರೆತು ಸಾಹೇಬರಾಗಿಬಿಟ್ರು.

"ಅರ್ಜಿದಾರರನ್ನ ಖುದ್ದಾಗಿ ನೋಡಬೇಕು. ಮುಖ ಕಾಣಿಸ್ತಿಲ್ಲ, ಬಗ್ಗಿ."

ಇವರು ಬಗ್ಗಿದ್ರು, ಸಾಲದಾಯ್ತು. ಕೊನೆಗೆ ನೆಲದ ಮೇಲೆ ಬೋರಲು ಮಲಗಿದ್ರು. ಮೂಗಿಗೆ ಮೂಗು ಎದುರಾಯ್ತು.

"ಫೋಟೋದಲ್ಲಿ ಕೂದಲಿದೆ!"

"ಅಫಿಡವಿಟ್ ಇದೆ ಸಾರ್, ಹದಿನೇಳನೇ ಪುಟ."

ಹಾಳೆ ತಿರುವಿದ ಸದ್ದು. "ಸರಿ. ನಿಯಮದ ಪ್ರಕಾರ ಸಹಿಗೆ ಮುಂಚೆ ಒಂದು ಮೌಖಿಕ ಪ್ರಶ್ನೆ ಕೇಳಬೇಕು. ಲಿಫ್ಟಿನಲ್ಲಿ ಒಬ್ಬ ವ್ಯಕ್ತಿ ಸಿಕ್ಕಿಕೊಂಡ್ರೆ ಮೊದಲು ಏನು ಮಾಡಬೇಕು?"

"ಮೊದಲು ಅವರಿಗೆ ಧೈರ್ಯ ಹೇಳಬೇಕು ಸಾರ್."

"ಮತ್ತೆ ಇಷ್ಟು ಹೊತ್ತು ನನಗ್ಯಾಕೆ ಹೇಳಲಿಲ್ಲ?"

"ಲೈಸೆನ್ಸ್ ಇರಲಿಲ್ಲ ಸಾರ್."

ಎರಡೂ ಬೂಟು ಒಟ್ಟಿಗೆ ಒಂದಿಂಚು ಮೇಲಕ್ಕೆ ಹಾರಿ ಕೆಳಗೆ ಬಿದ್ದವು. ಕತ್ತು ತಿರುಗಿಸಿ ನಾನು ಕಣ್ಣಾರೆ ಕಂಡೆ.

ಮೊಹರು ತರೋಕೆ ಗುಮಾಸ್ತರು ಮತ್ತೆ ಓಡಿದ್ರು. ಇಂಕ್ ಪ್ಯಾಡ್ ಒಣಗಿ ಬಿರುಕು ಬಿಟ್ಟಿತ್ತು. ಮೊಹರಿನ ಮೇಲೆ ಮೂವರು ಸರದಿಯಂತೆ ಬಾಯಲ್ಲಿ ಹಾ ಹಾ ಅಂತ ಉಸಿರು ಬಿಟ್ಟು ತೇವ ಮಾಡಿದ್ರು. ಕೊನೆಗೆ ಒಂದು ಕಾಲಂ ಉಳೀತು: "ಸ್ಥಳ."

"ಕಚೇರಿ ಅಂತ ಬರೀರಿ ಸಾರ್," ಅಂದ್ರು ಗುಮಾಸ್ತರು.

"ಹೇಗ್ರೀ ಬರೀಲಿ? ನಾನು ಕಚೇರಿಯಲ್ಲಿದ್ದೀನಾ? ಸುಳ್ಳು ದಾಖಲೆ ಆಗುತ್ತೆ." ಸಾಹೇಬರು ಯೋಚಿಸಿ, ಸ್ವಂತ ಕೈಯಿಂದ ಬರೆದ್ರು: "ನಾಲ್ಕನೇ ಮತ್ತು ಐದನೇ ಮಹಡಿಗಳ ನಡುವೆ." ಸಹಿ. ಮೊಹರು. ಒಂದು ಗಂಟೆ ಮೂವತ್ತೆಂಟು ನಿಮಿಷ.

ಇವರು ಅದನ್ನ ಎರಡೂ ಕೈಯಲ್ಲಿ ತಗೊಂಡ್ರು. ಗುಮಾಸ್ತರು ಆಮೇಲೆ ನನಗೆ ಹೇಳಿದ್ದು, ಅಂಗಿಯ ತೋಳಿಂದ ಕಣ್ಣು ಒರೆಸಿಕೊಂಡ್ರಂತೆ. ಒರೆಸಿಕೊಂಡು, ತಕ್ಷಣ ಸರಳಿನ ಹತ್ತಿರ ಬಗ್ಗಿ, "ಸಾರ್, ಧೈರ್ಯವಾಗಿರಿ" ಅಂದ್ರಂತೆ.

ಆಮೇಲೆ ಪೆಟ್ಟಿಗೆ ಹಿಡಿದು ಮೆಷಿನ್ ರೂಮಿಗೆ ಹತ್ತಿದ್ರು. ಐದು ನಿಮಿಷ ಹುಡುಕಿದ್ರು. ಮೋಟಾರು ಸರಿ ಇದೆ, ಬ್ರೇಕು ಸರಿ ಇದೆ, ಫ್ಯೂಸು ಸರಿ ಇದೆ. ಆರನೇ ಮಹಡಿಗೆ ಇಳಿದು ನೋಡಿದ್ರು, ಐದಕ್ಕೆ ಇಳಿದು ನೋಡಿದ್ರು. ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲ ಹುಡುಕಿದರಂತೆ. ಕೊನೆಗೆ ನಾಲ್ಕನೇ ಮಹಡಿಗೆ ಬಂದ್ರು. ನಾನು ಗೇಟಿಗೆ ಬೆನ್ನು ಕೊಟ್ಟು ನಿಂತಿದ್ದೆ.

"ಸ್ವಲ್ಪ ಸರಿ" ಅಂದ್ರು. ಸರಿದೆ. ಗೇಟಿನ ಹತ್ತಿರ ಏನೋ ನೋಡಿದ್ರು, ಕೈಯಿಂದ ಏನೋ ತಳ್ಳಿದ್ರು, ಟಕ್ ಅಂತು. "ಸಾರ್, ಗುಂಡಿ ಒತ್ತಿ" ಅಂತ ಕೂಗಿದ್ರು. ಲಿಫ್ಟು ಗೊಣಗಿಕೊಂಡು ಇಳಿದು ಹೋಯ್ತು. ಪೆಟ್ಟಿಗೆ ನನ್ನ ಕೈಗೆ ಕೊಟ್ಟು, "ಇನ್ನೊಂದು ಕೆಲಸ ಇದೆ, ನೀನು ಕೆಳಗಿರು" ಅಂತ ಮತ್ತೆ ಮೇಲಕ್ಕೆ ಹತ್ತಿದ್ರು. ನಾನು ಕೆಳಗೆ ಬರೋಷ್ಟರಲ್ಲಿ ಸಾಹೇಬರು ಸೂಟ್‌ಕೇಸು ಎಳ್ಕೊಂಡು ಆಟೋ ಹತ್ತಿ ಮಾಯ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು, ಮುಗೀಲಿಲ್ಲ. ಹೆಡ್ ಗುಮಾಸ್ತರು ಇಳಿದು ಬಂದು ನನ್ನ ಕಿವಿಯಲ್ಲಿ, "ಮೂವತ್ತು ವರ್ಷ ಸರ್ವೀಸಾಯ್ತಮ್ಮ, ಇಂಥ ಐಡಿಯಾ ನೋಡಿರಲಿಲ್ಲ. ಹೇಗೆ ನಿಲ್ಲಿಸಿದ್ರು?" ಅಂದ್ರು. "ಅವರು ನಿಲ್ಲಿಸಲಿಲ್ಲ" ಅಂದೆ. "ಹೌದೌದು" ಅಂತ ಕಣ್ಣು ಹೊಡೆದ್ರು. ಮೆಟ್ಟಿಲ ಮೇಲಿದ್ದ ಗುಂಪಿನಲ್ಲಿ ನಮ್ಮ ಕಟ್ಟಡದ ಮೂರನೇ ಮಹಡಿಯ ತಾತನೂ ಇದ್ರು, ಪಿಂಚಣಿ ಫೈಲಿಗೆ ಅಂತ ಬಂದವರು. ನಾವು ಬಸ್ಸಿಗೆ ಕಾಯ್ತಾ ಇದ್ದಾಗ ಅವರು ಆಟೋದಲ್ಲಿ ಮನೆ ಸೇರಿ, ಊದಬೇಕಾದಷ್ಟು ಊದಿ ಮುಗಿಸಿದ್ರು.

ನಾವು ನಾಲ್ಕು ಮುಕ್ಕಾಲಿಗೆ ತಲುಪಿದಾಗ ಪಾರ್ಕಿಂಗಿನಲ್ಲಿ ಕುರ್ಚಿ ಹಾಕಿ ಸಭೆಯೇ ಸೇರಿತ್ತು. ನಮ್ಮತ್ತೆ ಚೀಲ ತೊಡೆಯ ಮೇಲಿಟ್ಕೊಂಡು ಮೊದಲನೇ ಸಾ‌ಲಿನಲ್ಲಿದ್ರು. ಸೆಕ್ರೆಟರಿ ಲೈಸೆನ್ಸ್ ತಗೊಂಡು ಓದಿದ್ರು, "ಸ್ಥಳ" ಹತ್ರ ನಿಲ್ಲಿಸಿದ್ರು, ಕನ್ನಡಕ ತೆಗೆದ್ರು.

"ಲೈಸೆನ್ಸೇನೋ ಬಂತು. ಆದ್ರೆ ಒಬ್ಬ ಅಧಿಕಾರಿಯನ್ನ ಲಿಫ್ಟಿನಲ್ಲಿ ಕೂಡಿಹಾಕಿ ಸಹಿ ಮಾಡಿಸಿಕೊಂಡ ಮನುಷ್ಯನನ್ನ ನಮ್ಮ ಲಿಫ್ಟಿಗೆ ಇಟ್ಕೊಳ್ಳೋದು ಹೇಗೆ? ನಾಳೆ ನನ್ನನ್ನೇ ನಿಲ್ಲಿಸಿದ್ರೆ?"

ಲೈಸೆನ್ಸ್ ಬರಲಿಲ್ಲ ಅಂತ ಹೋಗಬೇಕಿದ್ದ ಕೋಣೆ ಈಗ ಬಂತು ಅಂತ ಹೋಗೋ ಹಾಗಿದೆ!

ಇವರು ಎದ್ದು ನಿಂತು, "ನಾನು ನಿಲ್ಲಿಸಲಿಲ್ಲ ಸಾರ್" ಅಂದ್ರು.

"ಮತ್ತೆ ಯಾರು ನಿಲ್ಲಿಸಿದ್ದು?"

ಇವರು ಬಾಯಿ ತೆರೆದ್ರು, ಮುಚ್ಚಿದ್ರು. ಪಾರ್ಕಿಂಗಿನ ತಾರಸಿ ನೋಡಿದ್ರು. "ನಾನು ನಿಲ್ಲಿಸಲಿಲ್ಲ ಸಾರ್" ಅಂತ ಇನ್ನೊಂದ್ಸಲ ಅಂದ್ರು.

"ನೋಡಿದ್ರಾ, ಹೇಳೋಕೆ ಬಾಯಿಲ್ಲ!" ಅಂದ್ರು ಸೆಕ್ರೆಟರಿ. "ಕೈ ಎತ್ತಿ. ಇವನು ಬೇಡ ಅನ್ನೋರು?"

ಆಗ ಮೂರನೇ ಮಹಡಿ ತಾತ ಕೋಲು ಕುಟ್ಟಿ ಎದ್ರು. "ಒಂದು ನಿಮಿಷ. ನನ್ನ ಪಿಂಚಣಿ ಫೈಲು ಅದೇ ಕಟ್ಟಡದ ಎರಡನೇ ಮಹಡಿಯಲ್ಲಿ ಮೂರು ವರ್ಷದಿಂದ ಮಲಗಿದೆ. ಆ ಸಾಹೇಬರೂ ಅದೇ ಲಿಫ್ಟಿನಲ್ಲಿ ಓಡಾಡೋದು."

ಸಭೆಯಲ್ಲಿ ಗುಜುಗುಜು ಶುರುವಾಯ್ತು. ಆರನೇ ಮಹಡಿ ಟೀಚರಮ್ಮ, "ನಮ್ಮ ನೀರಿನ ಕನೆಕ್ಷನ್ ಅರ್ಜಿಯೂ ಅಲ್ಲೇ, ನಾಲ್ಕನೇ ಮಹಡಿ" ಅಂದ್ರು. ಏಳನೇ ಮಹಡಿಯವರ ಖಾತೆ ಬದಲಾವಣೆ ಮೂರನೇ ಮಹಡಿಯಲ್ಲಂತೆ. ಒಬ್ಬೊಬ್ಬರಾಗಿ ಎದ್ದು ತಮ್ಮ ತಮ್ಮ ಫೈಲು ಯಾವ ಮಹಡಿಯಲ್ಲಿ ಎಷ್ಟು ವರ್ಷದಿಂದ ಇದೆ ಅಂತ ಹೇಳಿ ಕೂತರು. ಬೇಡ ಅಂತ ಎತ್ತಿದ್ದ ಕೈಗಳು ಮೆಲ್ಲಗೆ ಇಳಿದವು. ಕೊನೆಗೆ ಸೆಕ್ರೆಟರಿಯೇ ಕೆಮ್ಮಿ, ದನಿ ತಗ್ಗಿಸಿ, "ನಮ್ಮ ಸಂಘದ ನೋಂದಣಿ ನವೀಕರಣವೂ... ಒಂದನೇ ಮಹಡಿ. ಅಲ್ಲಿಗೆ ಅಧಿಕಾರಿಗಳು ಲಿಫ್ಟಲ್ಲಿ ಹೋಗ್ತಾರೋ, ನಡೆದು ಹೋಗ್ತಾರೋ?" ಅಂತ ಕೇಳಿದ್ರು.

ಇವರು ಮತ್ತೆ ಏಳೋಕೆ ಹೋದ್ರು, "ಅಯ್ಯೋ ನಾನು ನಿಜವಾಗ್ಲೂ..."

ನಾನು ಅಂಗಿ ಹಿಡಿದು ಎಳೆದು ಕೂರಿಸಿದೆ. "ರೀ, ಬಾಯಿ ಮುಚ್ಕೊಂಡು ಕೂತ್ಕೊಳ್ಳಿ. ಅತ್ತೆ ಚೀಲ ನೋಡಿ."

ಸರ್ವಾನುಮತ. ಕೋಣೆ ಉಳೀತು. ಚಪ್ಪಾಳೆ ಆಯ್ತು, ಈ ಸಲ ಇವರು ಕೈ ಮುಗೀಲಿಲ್ಲ.

ಒಳಗೆ ಬಂದು ಮಂಚದ ಮೇಲೆ ಸಪ್ಪಗೆ ಕೂತರು. ಅತ್ತೆ ಲೈಸೆನ್ಸ್ ಹಿಡ್ಕೊಂಡು ಪಕ್ಕದ ಕಟ್ಟಡಕ್ಕೆ ತೋರಿಸೋಕೆ ಹೋಗಿದ್ರು. ನಾನು ನೀರು ಕೊಟ್ಟೆ.

"ಏನ್ರೀ, ಗೆದ್ದು ಬಂದು ಹೀಗೆ ಕೂತಿದ್ದೀರಿ?"

"ಅಲ್ಲಿನ ಲಿಫ್ಟ್ ರಿಜಿಸ್ಟರಲ್ಲಿ ಬರೆದು ಬಂದೆ ಕಣೇ. ರಿಪೇರಿ ಆದ್ಮೇಲೆ ಬರೀಬೇಕಲ್ಲ. ತಾರೀಖು, ವೇಳೆ, ಲೈಸೆನ್ಸ್ ನಂಬರು, ನಿಂತಿದ್ದಕ್ಕೆ ಕಾರಣ. ಕೆಳಗೆ ಸಹಿ. ಹತ್ತೊಂಬತ್ತು ವರ್ಷಕ್ಕೆ ನನ್ನ ಮೊದಲನೇ ಸಹಿ."

ನಾನು ಆ ಹಳೇ ಬಾಗಿಲ ಮೇಲಿದ್ದ ಬಟ್ಟೆ ತೆಗೆದು ಮಡಚೋಕೆ ಶುರು ಮಾಡಿದೆ.

"ನಾಲ್ಕನೇ ಮಹಡಿ ಗೇಟು ಒಂದು ಬೆರಳಷ್ಟು ತೆರೆದಿತ್ತು," ಅಂದ್ರು.

ಹೌದು, ತೆರೆದಿತ್ತು. ತೆರೆದಿದ್ದು ನಾನೇ. ಆ ಹಳೇ ಲಿಫ್ಟಿನ ಯಾವ ಮಹಡಿಯ ಗೇಟು ಚೂರು ತೆರೆದ್ರೂ ಓಡ್ತಿರೋದು ಇದ್ದಲ್ಲೇ ನಿಲ್ಲುತ್ತೆ ಅಂತ ಲಿಫ್ಟ್ ಮೆಕ್ಯಾನಿಕ್ಕಿನ ಹೆಂಡತಿಗೆ ಗೊತ್ತಿರಲ್ವಾ? "ಆಗಲಿ ಸಾರ್, ಪ್ರಯಾಣ ಸುಖವಾಗಲಿ" ಅಂತ ಇವರು ಅಂದಿದ್ದು ಕೇಳಿ ನನ್ನ ರಕ್ತ ಕುದೀತು. ಎರಡು ಮಹಡಿ ಓಡಿ ಇಳಿದೆ, ಎಳೆದೆ, ಅದಕ್ಕೆ ಬೆನ್ನು ಕೊಟ್ಟು ನಿಂತೆ. ಬೇಕಾದ್ರೆ ಇನ್ನೊಂದ್ಸಲ ಎಳೀತೀನಿ.

"ಕಾರಣ ಅನ್ನೋ ಕಡೆ ಏನಂತ ಬರೆದ್ರಿ?" ಅಂತ ಕೇಳಿದೆ.

ಇವರು ನೀರು ಪೂರ್ತಿ ಕುಡಿದು ಲೋಟ ಕೆಳಗಿಟ್ರು.

"ತಿಳಿದುಬಂದಿಲ್ಲ ಅಂತ ಬರೆದೆ. ಬರೆದು ಸಹಿ ಹಾಕಿದೆ."

ನನಗೆ ಅಳು ಬಂತು. ಸೆರಗು ಬಾಯಿಗೆ ಒತ್ತಿಕೊಂಡು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಇವರು ಮಂಚದಿಂದ ಇಳಿದು ಪಕ್ಕದಲ್ಲಿ ಕೂತು, ನನ್ನ ಬಲಗೈ ಎತ್ತಿ, ಒಂದೊಂದೇ ಬೆರಳು ಮಡಚಿ ಬಿಡಿಸಿ ನೋಡಿದ್ರು.

"ಇನ್ನೊಂದ್ಸಲ ಹಾಗೆ ಮಾಡಬೇಡ. ಓಡ್ತಿರೋ ಲಿಫ್ಟಿನ ಗೇಟಿಗೆ ಕೈ ಹಾಕಿದ್ರೆ ಬೆರಳು ಹೋಗುತ್ತೆ ಕಣೇ."